ರಿಸರ್ವ್ಡ್ ಅಂದ್ರೆ

ನಮ್ಮ ಮನೆಯ ಬೀರುವಿನಲ್ಲಿ ಸೈಟಿನ ಪತ್ರ, ರೇಷನ್ ಕಾರ್ಡು ಇಡುವ ಖಾನೆಯಲ್ಲೇ ಮಗಳ ಮಾರ್ಕ್ಸ್ ಕಾರ್ಡುಗಳನ್ನೂ ಇಟ್ಟಿದ್ದೇನೆ. ಎಲ್‌ಕೆಜಿಯಿಂದ ಹಿಡಿದು ಒಂದೂ ಕಳೆದಿಲ್ಲ. ಪ್ರತಿಯೊಂದರ ಕೊನೆಗೂ ರಿಮಾರ್ಕ್ಸ್ ಅಂತ ಒಂದು ಗೆರೆ ಇರುತ್ತದೆ. ಆ ಗೆರೆಯ ಮೇಲೆ ಮಿಸ್ಸು ಇಂಗ್ಲಿಷಿನಲ್ಲಿ ಒಂದು ಮಾತು ಬರೆದಿರುತ್ತಾರೆ, ಅದರ ಕೆಳಗೆ ನನ್ನ ಸಹಿ. ನಾನು ಆರು ವರ್ಷ ಸಹಿ ಹಾಕಿದೆ. ಯಾವ ಮಾತಿನ ಕೆಳಗೆ ಹಾಕುತ್ತಿದ್ದೇನೆ ಅಂತ ಗೊತ್ತಿಲ್ಲದೆ ಹಾಕಿದೆ.

ಆರನೇ ಕ್ಲಾಸು ಅರ್ಧಕ್ಕೆ ಬಿಟ್ಟವನು ನಾನು. ಅದಕ್ಕೆ ಯಾರನ್ನೂ ದೂರುವುದಿಲ್ಲ. ಮಗ್ಗ ಕೈಗೆ ಹತ್ತಿತು, ಪುಸ್ತಕ ಹತ್ತಲಿಲ್ಲ. ದೊಡ್ಡಬಳ್ಳಾಪುರದಲ್ಲಿ ಹದಿನಾಲ್ಕು ವರ್ಷ ಬೇರೆಯವರ ಮಗ್ಗದಲ್ಲಿ ನೇಯ್ದು, ಆಮೇಲೆ ನನ್ನದೇ ಮನೆಯಲ್ಲಿ ನಾಲ್ಕು ಪವರ್‌ಲೂಮ್ ಹಾಕಿಸಿದೆ. ಮುಂದೆ ಒಂದು ರೂಮು, ಅಡುಗೆಮನೆ, ಹಿಂದೆಲ್ಲ ಮಗ್ಗ. ನನ್ನ ಸೀರೆಯಲ್ಲಿ ಎಳೆ ತಪ್ಪಿದೆ ಅಂತ ಯಾರೂ ಇವತ್ತಿನವರೆಗೆ ವಾಪಸ್ಸು ಕಳಿಸಿಲ್ಲ. ಹೀಗೆ ಬದುಕಿದವನಿಗೆ ಒಂದು ಕೆಟ್ಟ ಚಾಳಿ ಅಂಟಿಕೊಳ್ಳುತ್ತದೆ. ಗೊತ್ತಿಲ್ಲದ್ದನ್ನು ಯಾರನ್ನೂ ಕೇಳುವುದಿಲ್ಲ. ಬ್ಯಾಂಕಿನಲ್ಲಿ ಫಾರಂ ಕೊಟ್ಟರೆ ಮನೆಗೆ ತಂದು, ಹಳೇ ಫಾರಂ ಪಕ್ಕದಲ್ಲಿಟ್ಟು, ಅಕ್ಷರಕ್ಕೆ ಅಕ್ಷರ ಹೊಂದಿಸಿ ತುಂಬುತ್ತಿದ್ದೆ. ಇಂಗ್ಲಿಷಿನಲ್ಲಿ ಸಹಿ ಹಾಕುವುದನ್ನು ಸೀರೆ ಡಬ್ಬದ ರಟ್ಟಿನ ಮೇಲೆ ಬರೆದು ಬರೆದು ಕಲಿತೆ. ಇಂಗ್ಲಿಷ್ ಅಕ್ಷರ ಕೂಡಿಸಿ ಓದಬಲ್ಲೆ, ಅರ್ಥ ನಾನೇ ಮಾಡಿಕೊಳ್ಳುತ್ತೇನೆ. ಕೇಳಿದರೆ ಚಿಕ್ಕವನಾಗುತ್ತೇನೆ ಅನ್ನುವ ಭಯ.

ಮಗ್ಗದ ಮನೆಯಲ್ಲಿ ಮಾತು ಹೇಗಿರುತ್ತದೆ ಅಂತ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾಲ್ಕು ಮಗ್ಗ ಒಟ್ಟಿಗೆ ಓಡುವಾಗ ಲಾಳಿ ಆ ಕಡೆ ಈ ಕಡೆ ಬಡಿದುಕೊಳ್ಳುವ ಸದ್ದಿಗೆ ಪಕ್ಕದಲ್ಲಿ ನಿಂತವನ ಮಾತೂ ಕೇಳುವುದಿಲ್ಲ. ಹೊಸಬರು ಬಂದರೆ ಕಿವಿಗೆ ಕೈ ಇಟ್ಟುಕೊಳ್ಳುತ್ತಾರೆ. ನಮಗೆ ಅದು ಸದ್ದು ಅನ್ನಿಸುವುದೇ ಇಲ್ಲ. ಹಾಗಂತ ನಾವು ಮಾತಾಡದೆ ಇರುತ್ತೇವಾ? ಕೈಯಲ್ಲಿ, ಹುಬ್ಬಲ್ಲಿ, ತುಟಿಯಲ್ಲಿ ಮಾತಾಡುತ್ತೇವೆ. ಹೆಬ್ಬೆರಳು ಬಾಯಿಗೆ ಹಿಡಿದರೆ ನೀರು. ಎರಡು ಬೆರಳು ಕತ್ತರಿ ಥರ ಆಡಿಸಿದರೆ ಎಳೆ ಕಡಿದಿದೆ. ಕೆನ್ನೆ ಉಬ್ಬಿಸಿದರೆ ನನ್ನ ಅತ್ತೆ ಫೋನ್ ಮಾಡಿದ್ದಾರೆ ಅಂತ. ನಮ್ಮನೆಯವಳು ನಾಲ್ಕು ಮಗ್ಗದ ಆಚೆ ನಿಂತು, ಒಂದು ಅಕ್ಷರ ಸದ್ದಿಲ್ಲದೆ, ಬೀದಿಯ ಕೊನೇ ಮನೆಯ ಸೊಸೆ ತವರಿಗೆ ಹೋದ ಕಥೆಯನ್ನು ಪೂರ್ತಿ ಹೇಳಿ ನನ್ನನ್ನು ನಗಿಸಿಬಿಡುತ್ತಿದ್ದಳು. ಬಾಯಿ ಬಿಟ್ಟು ಹೇಳಲೇಬೇಕಾದರೆ ಕೂಗುತ್ತೇವೆ. ನಮ್ಮ ಬೀದಿಯವರ ದನಿಗೆ ಊರಲ್ಲಿ ಮಗ್ಗದ ಗಂಟಲು ಅಂತಲೇ ಹೆಸರು.

ನನ್ನ ಮಗಳು ಹುಟ್ಟಿದ್ದು ಇಂಥ ಮನೆಯಲ್ಲಿ. ಒಬ್ಬಳೇ ಮಗಳು. ಒಂದೂವರೆ ವರ್ಷಕ್ಕೇ ಹೆಬ್ಬೆರಳು ಬಾಯಿಗಿಟ್ಟು ನೀರು ಕೇಳಿದಳು. ಮೂರು ವರ್ಷಕ್ಕೆ ಎಳೆ ಕಡಿದದ್ದನ್ನು ನನಗಿಂತ ಮೊದಲು ನೋಡಿ ಬೆರಳಾಡಿಸುತ್ತಿದ್ದಳು. ಮಾತೂ ಬರುತ್ತಿತ್ತು, ಜೋರಾಗಿ, ಸ್ವಲ್ಪ ದಪ್ಪಗೆ. ಸೀರೆ ಅನ್ನುವುದಕ್ಕೆ ತೀರೆ ಅನ್ನುತ್ತಿದ್ದಳು. ನೇಕಾರನ ಮಗಳು ತೀರೆ ಅನ್ನುತ್ತಾಳೆ ಅಂತ ಎಲ್ಲರೂ ಮುದ್ದು ಮಾಡಿದೆವು, ತಿದ್ದಲಿಲ್ಲ.

ಮಧ್ಯಾಹ್ನ ಕರೆಂಟ್ ಹೋದರೆ ಮಗ್ಗ ನಿಂತು ಮನೆ ಬಿಕೋ ಅನ್ನುತ್ತಿತ್ತು. ಆಗ ನಾವು ಗಂಡ ಹೆಂಡತಿ ಬಾಗಿಲಲ್ಲಿ ಕೂತು ಮೆಲ್ಲಗೆ ಮಾತಾಡುವೆವು. ಮಗಳು ಬಂದು ಅವರಮ್ಮನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಳ್ಳುತ್ತಿದ್ದಳು. ನಾನು ಮಾತಾಡಿದರೆ ನನ್ನ ಗಲ್ಲ. ತಿರುಗದೆ ಇದ್ದರೆ ಸಿಟ್ಟು ಮಾಡಿಕೊಂಡು ಮೂಲೆಗೆ ಹೋಗಿ ಮಲಗಿಬಿಡುವಳು.

"ನೋಡ್ರೀ, ನಮ್ಮಿಬ್ರನ್ನ ಮಾತಾಡಕ್ಕೂ ಬಿಡಲ್ಲ, ಹೊಟ್ಟೆಕಿಚ್ಚು ಇವಳಿಗೆ" ಅನ್ನುತ್ತಿದ್ದಳು ನಮ್ಮನೆಯವಳು.

ನಾವು ನಗುತ್ತಿದ್ದೆವು.

ನಾಲ್ಕು ವರ್ಷಕ್ಕೆ ಇಂಗ್ಲಿಷ್ ಮೀಡಿಯಂ ಸ್ಕೂಲಿಗೆ ಹಾಕಿದೆ. ಮೊದಲ ಕಾರ್ಡು ಬಂದಾಗ ಕೈ ತೊಳೆದುಕೊಂಡು ಬಂದು ಓದಿದೆ. ರಿಮಾರ್ಕ್ಸ್ ಮುಂದೆ ಕ್ವೈಟ್ ಅಂತಿತ್ತು. ಈ ಪದ ನನಗೆ ಗೊತ್ತಿತ್ತು. ಚಿಕ್ಕಪೇಟೆಯಿಂದ ಬರುವ ಸಾಹುಕಾರರು ನನ್ನ ಸೀರೆ ಬಿಡಿಸಿ ನೋಡಿ "ಕ್ವೈಟ್ ಗುಡ್" ಅನ್ನುತ್ತಿದ್ದರು. ಮಿಸ್ಸು ಅವಸರದಲ್ಲಿ ಗುಡ್ ಬರೆಯುವುದು ಬಿಟ್ಟಿದ್ದಾರೆ ಅಂದುಕೊಂಡು ಸಹಿ ಹಾಕಿದೆ. ಮಾರನೇ ವರ್ಷವೂ ಅದೇ ಬಂತು, ಈ ಮಿಸ್ಸೂ ಗುಡ್ ಮರೆತರು. ಒಂದನೇ ಕ್ಲಾಸಲ್ಲಿ ಶೈ ಅಂತ ಮೂರೇ ಅಕ್ಷರ. ಯಾವುದೋ ಗ್ರೇಡ್ ಇರಬೇಕು.

ಎರಡನೇ ಕ್ಲಾಸಿನದು ಮಾತ್ರ ಮರೆಯುವ ಹಾಗಿಲ್ಲ. ಸಾಫ್ಟ್ ಸ್ಪೋಕನ್ ಅಂತ ಬರೆದಿದ್ದರು. ಸಾಫ್ಟ್ ನನಗೆ ಗೊತ್ತಿಲ್ಲದೆ ಏನು, ಸಾಫ್ಟ್ ಸಿಲ್ಕ್ ನೇಯುವವನು ನಾನು. ಸ್ಪೋಕನ್ ಬಸ್ ಸ್ಟ್ಯಾಂಡಿನ ಗೋಡೆ ತುಂಬ ಅಂಟಿಸಿರುತ್ತಾರೆ, ಸ್ಪೋಕನ್ ಇಂಗ್ಲಿಷ್ ಮೂರೇ ತಿಂಗಳಲ್ಲಿ ಅಂತ. ನನ್ನ ಮಗಳಿಗೆ ಏಳು ವರ್ಷಕ್ಕೇ ಸ್ಪೋಕನ್ ಬಂದುಬಿಟ್ಟಿದೆ, ಅದೂ ರೇಷ್ಮೆಯ ಹಾಗೆ. ಜಿಲೇಬಿ ತಂದು ಬೀದಿಯ ಮನೆಮನೆಗೂ ಕೊಟ್ಟೆ. ಅವಳು ಕ್ಲಾಸಿನಲ್ಲಿ ಆ ವರ್ಷ ಬಾಯೇ ಬಿಟ್ಟಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಜಿಲೇಬಿ ತಿಂದವರಲ್ಲಿ ಇಬ್ಬರು ಮೂವರಾದರೂ ಓದಿದವರಿದ್ದರು. ನಾನು ಕಾರ್ಡು ಯಾರಿಗೂ ತೋರಿಸಲಿಲ್ಲ, ಬಾಯಲ್ಲಿ ಹೇಳಿದೆ ಅಷ್ಟೆ. ತೋರಿಸಿದ್ದರೆ ಅವತ್ತೇ ಯಾರಾದರೂ ಹೇಳುತ್ತಿದ್ದರೋ ಏನೋ.

ಮೂರನೇ ಕ್ಲಾಸಿನ ಪದ ರಿಸರ್ವ್ಡ್. ಇದಕ್ಕೆ ನಾನು ಎರಡು ದಿನ ಯೋಚನೆ ಮಾಡಿದೆ. ನನ್ನ ಹಳೇ ಬೈಕಿನಲ್ಲಿ ಪೆಟ್ರೋಲ್ ಮುಗಿದು ಗಾಡಿ ಎಗರಾಡುವಾಗ, ತೊಡೆಯ ಹತ್ತಿರ ಇರುವ ಚಿಕ್ಕ ಕೀಲಿ ತಿರುಗಿಸಿದರೆ ರಿಸರ್ವ್‌ಗೆ ಬೀಳುತ್ತಿತ್ತು. ಮುಗಿಯಿತು ಅಂದುಕೊಂಡಾಗ ಒಳಗೆ ಇನ್ನೂ ಇರುತ್ತದೆ, ಊರು ಮುಟ್ಟುವಷ್ಟು ಇರುತ್ತದೆ. ಅದೇ ಇರಬೇಕು ಅಂದುಕೊಂಡೆ, ನನ್ನ ಮಗಳ ಒಳಗೆ ಇನ್ನೂ ಇದೆ. ಈಗ ಯೋಚಿಸಿದರೆ ಅಷ್ಟೂ ಪದಗಳಲ್ಲಿ ಅರ್ಥಕ್ಕೆ ಹತ್ತಿರ ಹೋಗಿದ್ದು ಇದೊಂದರಲ್ಲೇ. ಆದರೆ ಕೀಲಿ ಎಲ್ಲಿದೆ ಅಂತ ಹುಡುಕಬೇಕು ಅನ್ನಿಸಲಿಲ್ಲ.

ನಾಲ್ಕನೇ ಕ್ಲಾಸಿನ ಕಾರ್ಡು ಬಂದ ದಿನ ಮಗ್ಗ ರಿಪೇರಿಗೆ ಮೇಸ್ತ್ರಿ ಬಂದಿದ್ದ. ಪೇಟೆಯ ಸಾಬರವನು, ನನ್ನ ಜೊತೆಯೇ ಕೂಲಿಗೆ ಸೇರಿದವನು, ಮನೆಯಲ್ಲಿ ಉರ್ದು, ನಮ್ಮ ಜೊತೆ ಕನ್ನಡ.

"ಏನ್ ಗುರು, ಲಗ್ನಪತ್ರಿಕೆ ಥರ ಹಿಡ್ಕೊಂಡು ನೋಡ್ತಾ ಇದೀಯ?" ಅಂದ.

"ಮಗಳ ಕಾರ್ಡು ಕಣೋ. ಮಿಸ್ಸು ಏನು ಬರೆದವ್ರೆ ನೋಡು."

ಕೇಳುತ್ತಿದ್ದೇನೆ ಅಂತ ಗೊತ್ತಾಗದ ಹಾಗೆ, ಹೆಮ್ಮೆಗೆ ತೋರಿಸುವವನ ಹಾಗೆ ಕೊಟ್ಟೆ. ಅವನು ಗ್ರೀಸ್ ಕೈಯನ್ನು ಬೆನ್ನಿಗೆ ಕಟ್ಟಿಕೊಂಡು ಬಗ್ಗಿ ಓದಿದ. "ರೆ... ಟಿ... ಸೆಂಟ್. ರೆಟಿಸೆಂಟ್. ಸೆಂಟ್ ಅಂದ್ರೆ ಅತ್ತರ್ ಅಲ್ವಾ? ನಿಂಗೆ ಗೊತ್ತಿಲ್ವಾ ಅರ್ಥ?"

"ಗೊತ್ತಿಲ್ದೆ ಏನು. ಒಳ್ಳೇ ಮಾತೇ."

"ಅದೇ ನಾನೂ ಹೇಳಿದ್ದು. ಅತ್ತರ್ ಥರ ಹುಡುಗಿ ನಿನ್ ಮಗಳು. ಘಮ ಬರುತ್ತೆ, ಸದ್ದು ಬರಲ್ಲ." ಮತ್ತೆ ಸ್ಪ್ಯಾನರ್ ಎತ್ತಿಕೊಳ್ಳುತ್ತಾ, "ನಮ್ ತಂಗಿ ಮಗಳು ಡಿಗ್ರಿ ಓದ್ತಾ ಅವಳೆ, ಕೇಳಿ ಹೇಳ್ಲಾ?" ಅಂದ.

"ಬೇಡ ಬಿಡೋ, ನಂಗೆ ಗೊತ್ತು" ಅಂದೆ.

ಆ ಒಂದು ಮಾತನ್ನು ವಾಪಸ್ಸು ತೆಗೆದುಕೊಳ್ಳುವ ಹಾಗಿದ್ದರೆ ನನ್ನ ನಾಲ್ಕು ಮಗ್ಗವನ್ನೂ ಕೊಟ್ಟುಬಿಡುತ್ತಿದ್ದೆ.

ಐದನೇ ಕ್ಲಾಸಿಗೆ ಹೊಸದಾಗಿ ಕನ್ನಡ ಟೀಚರ್ ಬಂದರು, ವಯಸ್ಸಾದವರು. ಶಾಲೆ ಶುರುವಾಗಿ ತಿಂಗಳಿಗೆಲ್ಲ ನನ್ನನ್ನು ಕರೆಸಿದರು. ಹೊಗಳುವುದಕ್ಕೇ ಕರೆದಿದ್ದಾರೆ ಅಂತ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಹೋದೆ.

"ನಿಮ್ಮ ಮಗಳಿಗೆ ಉಕ್ತಲೇಖನ ಕೊಡ್ತೀನಿ. ಮುಖ ನೋಡ್ಕೊಂಡು ಹೇಳಿದ್ರೆ ಹತ್ತಕ್ಕೆ ಒಂಬತ್ತು ಸರಿ ಬರೀತಾಳೆ. ಬೋರ್ಡ್ ಕಡೆ ತಿರುಗಿ ಹೇಳಿದ್ರೆ ಒಂದೂ ಬರಿಯಲ್ಲ" ಅಂದರು ಟೀಚರ್.

"ಹಂಗಂದ್ರೆ ಮೇಡಂ?"

"ಬನ್ನಿ ತೋರಿಸ್ತೀನಿ."

ಮಗಳು ಕ್ಲಾಸಿನಲ್ಲಿ ಮೊದಲ ಬೆಂಚಿನಲ್ಲಿ ಕೂತು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ಟೀಚರ್ ಅವಳ ಬೆನ್ನ ಹಿಂದೆ ಹೋಗಿ ನಿಂತು, ನಾವು ಮನೆಯಲ್ಲಿ ಕರೆಂಟ್ ಇಲ್ಲದಾಗ ಮಾತಾಡುವಷ್ಟೇ ದನಿಯಲ್ಲಿ ಹೇಳಿದರು, "ನಿಮ್ಮಪ್ಪ ಬಂದಿದಾರೆ ನೋಡು ಪುಟ್ಟಿ. ಜಾಮೂನು ತಂದಿದಾರೆ."

ಪಕ್ಕದ ಮಕ್ಕಳು ನನ್ನನ್ನು ನೋಡಿದರು. ನನ್ನ ಮಗಳು ಹಸಿರು ಬಣ್ಣ ಇಟ್ಟು ಹಳದಿ ತೆಗೆದುಕೊಂಡಳು.

ನನಗೆ ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಿಲ್ಲ. ಬಾಗಿಲಿನಿಂದಲೇ ಅವಳ ಹೆಸರು ಹಿಡಿದು ಕೂಗಿದೆ. ತಿರುಗಿದಳು, ನಕ್ಕಳು.

"ನೋಡಿ ಮೇಡಂ, ಕೇಳುತ್ತಲ್ಲ."

"ನಿಮ್ಮ ಗಂಟಲಿಗೆ ಪಕ್ಕದ ಕ್ಲಾಸಿನೋರೂ ತಿರುಗಿದ್ರು" ಅಂದರು ಟೀಚರ್.

ಸೋಲಲು ಮನಸ್ಸಿಲ್ಲದೆ, ರಿಸರ್ವ್ಡ್ ಅಂತ ನಿಮ್ಮ ಸ್ಕೂಲಿನವರೇ ಬರೆದಿದ್ದಾರಲ್ಲ ಅಂದೆ. ಎಲ್ಲ ಪದವನ್ನೂ ಒಂದೊಂದಾಗಿ ಒಪ್ಪಿಸಿದೆ, ಬಾಯಿಪಾಠ ಆಗಿದ್ದವು.

"ಅದರ ಅರ್ಥ ಗೊತ್ತಾ ನಿಮಗೆ?"

"ಗೊತ್ತು."

ಅವರು ನನ್ನನ್ನೇ ನೋಡಿದರು. ಆಮೇಲೆ, ನಾನು ಕೇಳದೆ ಇದ್ದರೂ, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಹೇಳಿದರು: "ಎಲ್ಲಾದಕ್ಕೂ ಹೆಚ್ಚುಕಮ್ಮಿ ಒಂದೇ ಅರ್ಥ ಇವ್ರೇ. ಮಾತು ಕಮ್ಮಿ ಅಂತ. ಮಗು ಮಾತಾಡಲ್ಲ ಅಂತ ಆರು ವರ್ಷ ಬೇರೆ ಬೇರೆ ಥರ ಬರೆದಿದಾರೆ. ಯಾಕೆ ಮಾತಾಡಲ್ಲ ಅಂತ ಯಾರೂ ನೋಡಿಲ್ಲ. ನೀವೂ ಬಂದು ಕೇಳಿಲ್ಲ."

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಗಾಜಿನ ರೂಮಿನೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದರೆ ಕೈ ಎತ್ತು ಅಂದರು. ಅವಳು ಮೊದಲು ಎಲ್ಲಾದಕ್ಕೂ ಕೈ ಎತ್ತಿದಳು. ನನಗೆ ಜೀವ ಬಂತು. ಟೆಸ್ಟ್ ಮಾಡುವ ಹುಡುಗಿ ನಕ್ಕು, "ಜಾಣೆ ಇವಳು, ನನ್ನ ಬೆರಳು ನೋಡಿ ಎತ್ತುತ್ತಾ ಇದಾಳೆ" ಅಂತ ಕುರ್ಚಿಯನ್ನು ಗೋಡೆ ಕಡೆ ತಿರುಗಿಸಿದಳು. ಆಮೇಲೆ ಕೈ ಏಳಲೇ ಇಲ್ಲ. ಹುಡುಗಿ ತಿರುಪು ತಿರುಗಿಸುತ್ತಾ ಹೋದಳು, ನನ್ನ ಮಗಳ ಎರಡು ಕೈಯೂ ತೊಡೆಯ ಮೇಲೇ ಇದ್ದವು. ಬಹಳ ಹೊತ್ತಿನ ಮೇಲೆ ಒಂದು ಸಲ ಎದ್ದಿತು. ಗಾಜಿನಾಚೆ ನಿಂತು ನಾನು ಕತ್ತರಿ ಬೆರಳು ಆಡಿಸುತ್ತಿದ್ದೆನಂತೆ, ಎಳೆ ಕಡಿದಾಗ ಮಾಡುವ ಹಾಗೆ. ನಮ್ಮನೆಯವಳು ಕೈ ಹಿಡಿದು ನಿಲ್ಲಿಸಿದಳು.

ಹುಟ್ಟಿನಿಂದಲೇ ಇರಬಹುದು, ಮಗ್ಗದ ಸದ್ದೂ ಸೇರಿರಬಹುದು, ಇದೇ ಅಂತ ಹೇಳಲಿಕ್ಕೆ ಆಗುವುದಿಲ್ಲ ಅಂದರು ಡಾಕ್ಟರು. "ಮೂರು ವರ್ಷದೊಳಗೆ ಕರ್ಕೊಂಡು ಬಂದಿದ್ರೆ ಮಾತು ಚೆನ್ನಾಗಿ ಕೂಡ್ತಾ ಇತ್ತು. ಸ, ಶ ಎಲ್ಲ ಇವಳ ಕಿವಿಗೆ ಬಿದ್ದೇ ಇಲ್ಲ." ತೀರೆ ಯಾಕೆ ತೀರೆ ಆಗಿತ್ತು ಅಂತ ನನಗೆ ಆಗ ತಿಳಿಯಿತು.

ಕಿವಿಗೆ ಮಷಿನ್ ಹಾಕಿದರು. ಮನೆಗೆ ಬಂದು ಬಾಗಿಲು ದಾಟುತ್ತಲೇ ಕಿರುಚಿ ಕಿತ್ತು ಬಿಸಾಕಿದಳು. ಹತ್ತು ವರ್ಷ ನಾವು ಸದ್ದೇ ಅಲ್ಲ ಅಂದುಕೊಂಡಿದ್ದು ಅವಳಿಗೆ ಅವತ್ತು ಮೊದಲ ಸಲ ಅಷ್ಟು ಗಟ್ಟಿಯಾಗಿ ಕೇಳಿತು. ನಾನು ಎರಡು ತಿಂಗಳಲ್ಲಿ ರಾಜಘಟ್ಟದ ದಾರಿಯಲ್ಲಿ ಒಂದು ಶೆಡ್ ಹಿಡಿದು ನಾಲ್ಕೂ ಮಗ್ಗ ಅಲ್ಲಿಗೆ ಸಾಗಿಸಿದೆ. ಮೇಸ್ತ್ರಿ ಬಂದು ಬಿಚ್ಚಿ ಕೊಟ್ಟ. ಅವತ್ತು ತಮಾಷೆ ಮಾಡಲಿಲ್ಲ. ಹೊರಡುವಾಗ ಮಾತ್ರ "ನಾನು ಅವತ್ತೇ ತಂಗಿ ಮಗಳನ್ನ ಕೇಳ್ಬೇಕಿತ್ತು, ನೀನು ಬೇಡ ಅಂದ್ರೂ" ಅಂದ.

ಮಗ್ಗ ಹೋದ ಮನೆಯಲ್ಲಿ ಗೋಡೆ ಗಡಿಯಾರ ಕೇಳುತ್ತಿತ್ತು. ಇನ್ನು ಎಲ್ಲ ಸರಿಹೋಗುತ್ತದೆ ಅಂದುಕೊಂಡೆ. ಅಲ್ಲೂ ನನ್ನ ಲೆಕ್ಕ ತಪ್ಪಿತು. ಸದ್ದಿಲ್ಲದ ಮನೆಯಲ್ಲಿ ನಾವು ಎಲ್ಲರ ಹಾಗೆ ಆಗಿಬಿಟ್ಟೆವು. ಕೈ ಆಡಿಸುವುದು ನಿಂತಿತು, ಹುಬ್ಬು ಏರಿಸುವುದು ನಿಂತಿತು. ನಮ್ಮನೆಯವಳು ಒಲೆ ಕಡೆ ಮುಖ ಮಾಡಿಕೊಂಡೇ ಮಾತಾಡತೊಡಗಿದಳು, ನಾನು ಪೇಪರ್ ಕಡೆ ನೋಡಿಕೊಂಡು. ಮಷಿನ್‌ನಲ್ಲಿ ಮಗಳಿಗೆ ಸದ್ದು ಬರುತ್ತಿತ್ತು, ಮಾತು ಅರ್ಧ ಬರುತ್ತಿತ್ತು. ಮೊದಲು ನಾಲ್ಕು ಮಗ್ಗದ ಗಲಾಟೆಯಲ್ಲಿ ನಮ್ಮ ಮನೆಯ ಯಾವ ಮಾತೂ ಅವಳಿಗೆ ತಪ್ಪುತ್ತಿರಲಿಲ್ಲ. ಅವಳಿಗೆ ಚೆನ್ನಾಗಿ ಬರುತ್ತಿದ್ದ ಒಂದೇ ಭಾಷೆಯನ್ನು ನಾನು ಟೆಂಪೋದಲ್ಲಿ ಹೇರಿ ಶೆಡ್ಡಿಗೆ ಕಳಿಸಿದ್ದೆ.

ಅವಳು ಹೈಸ್ಕೂಲಿಗೆ ಬಂದ ಮೇಲೆ, ಒಂದು ಭಾನುವಾರ ಮುದ್ದೆ ಉಣ್ಣುತ್ತಾ ಕೂತಾಗ ನಮ್ಮನೆಯವಳು ಕೇಳಿದಳು, "ಮನೇಲಿ ಅಷ್ಟು ಬಾಯಿ ಮಾಡ್ತಿದ್ದೋಳು ಸ್ಕೂಲಲ್ಲಿ ಯಾಕಮ್ಮ ಒಂದು ಮಾತೂ ಆಡ್ತಿರ್ಲಿಲ್ಲ?"

ಮಗಳು ಮುದ್ದೆ ಮುರಿದು ಸಾರಿಗೆ ಅದ್ದುತ್ತಾ ಹೇಳಿದಳು, "ಎಲ್‌ಕೆಜಿ ಮೊದಲ್ನೇ ದಿನ ಮಿಸ್ ಹೆಸರು ಕರೆದ್ರು. ನಾನು ಯೆಸ್ ಮಿಸ್ ಅಂದೆ. ಮನೇಲಿ ಅಂತೀವಲ್ಲ, ಹಂಗೆ. ಎಲ್ಲಾ ಕಿವಿ ಮುಚ್ಕೊಂಡು ನಕ್ರು. ಮಿಸ್ಸೂ ನಕ್ರು. ಎಷ್ಟು ಮೆಲ್ಲಗೆ ಹೇಳ್ಬೇಕು ಅಂತ ನಂಗೆ ಗೊತ್ತಾಗ್ಲಿಲ್ಲ. ನನ್ನ ದನಿ ನಂಗೇ ಸರಿ ಕೇಳ್ತಿರ್ಲಿಲ್ವಲ್ಲ. ಅದಕ್ಕೇ ಬಿಟ್ಬಿಟ್ಟೆ."

ತಟ್ಟೆಯಲ್ಲಿ ಮುದ್ದೆ ಹಾಗೇ ಆರಿತು. ಆ ಗಂಟಲು ನನ್ನದು. ಅದರಲ್ಲೂ ನನಗೆ ಹೆಮ್ಮೆ ಇತ್ತು, ಮೂರು ಬೀದಿಗೆ ಕೇಳುವ ಗಂಟಲು ಅಂತ.

ಈಗ ಅವಳು ಮೊದಲನೇ ಪಿಯುಸಿ. ಮಷಿನ್ ಒಳ್ಳೆಯದು ಬಂದಿದೆ, ಕೂದಲಿನೊಳಗೆ ಕಾಣುವುದೂ ಇಲ್ಲ. ಸೀರೆಯನ್ನು ಸೀರೆ ಅಂತಲೇ ಅನ್ನುತ್ತಾಳೆ, ಸ್ವಲ್ಪ ನಿಧಾನವಾಗಿ, ಹೊಸಿಲು ದಾಟುವವರ ಹಾಗೆ. ರಜೆಯಲ್ಲಿ ಶೆಡ್ಡಿಗೆ ಊಟ ತರುತ್ತಾಳೆ, ಮಷಿನ್ ತೆಗೆದು ಡಬ್ಬಿಯಲ್ಲಿಟ್ಟು ಮಗ್ಗದಾಚೆ ನಿಲ್ಲುತ್ತಾಳೆ. ಆಗ ಅವಳ ಕೈ, ಹುಬ್ಬು ಎಲ್ಲ ತೆರೆದುಕೊಳ್ಳುತ್ತದೆ. ಅವರಮ್ಮನಿಗಿಂತ ಚೆನ್ನಾಗಿ ಕಥೆ ಹೇಳುತ್ತಾಳೆ. ಕಾಲೇಜಿನ ಕ್ಯಾಂಟೀನಿನವನು ಚಿತ್ರಾನ್ನಕ್ಕೆ ಕಡಲೆಬೀಜ ಎಣಿಸಿ ಹಾಕುವುದನ್ನು ತೋರಿಸಿದಾಗ ನಾನು ನಕ್ಕು ಎಳೆ ತಪ್ಪಿಸಿಬಿಟ್ಟೆ.

ಹೋದ ತಿಂಗಳು ಕಾಲೇಜಿನ ಕಾರ್ಡು ಬಂತು. ಮಾರ್ಕ್ಸ್ ಚೆನ್ನಾಗಿತ್ತು. ಕೊನೇ ಗೆರೆಯ ಮೇಲೆ ಒಂದೇ ಪದ. ಕೂಡಿಸಿ ಓದುವ ಅಗತ್ಯವಿರಲಿಲ್ಲ, ಆ ಪದದ ಆಕಾರವೇ ನನಗೆ ಗೊತ್ತು. ರಿಸರ್ವ್ಡ್.

ಶರ್ಟ್ ಹಾಕಿಕೊಂಡು ಗಾಡಿ ಕೀ ತೆಗೆದುಕೊಂಡೆ.

"ಎಲ್ಲಿಗಪ್ಪ?"

"ಕಾಲೇಜಿಗೆ. ಇನ್ನೊಂದ್ಸಲ ಸುಮ್ನೆ ಸಹಿ ಹಾಕೋನಲ್ಲ ನಾನು. ಕಿವಿ ವಿಷಯ ಎಲ್ಲಾ ಹೇಳಿ ಬರ್ತೀನಿ."

"ಅವ್ರಿಗೆ ಗೊತ್ತು ಅಪ್ಪ. ಮೊದಲ್ನೇ ದಿನಾನೇ ನಾನೇ ಹೇಳಿದೀನಿ. ಮುಂದಿನ ಬೆಂಚಲ್ಲಿ ಕೂರಿಸಿದಾರೆ. ಎಲ್ಲಾ ಕೇಳುತ್ತೆ."

"ಮತ್ತೆ ಇದ್ಯಾಕೆ ಬರೆದ್ರು?"

"ಈ ಸಲ ಅದು ನಿಜ" ಅಂದಳು.

ನನ್ನ ಕೈಯಲ್ಲಿ ಕೀ ಹಾಗೇ ಇತ್ತು. ಐವತ್ತು ದಾಟಿದ ಮೇಲೆ, ಹುಟ್ಟಿದ ಮೇಲೆ ಮೊದಲ ಸಲ, ಒಂದು ಇಂಗ್ಲಿಷ್ ಪದದ ಅರ್ಥವನ್ನು ಇನ್ನೊಬ್ಬರನ್ನು ಬಾಯಿ ಬಿಟ್ಟು ಕೇಳಿದೆ. "ರಿಸರ್ವ್ಡ್ ಅಂದ್ರೆ ಏನಮ್ಮ?"

"ಹೇಳೋದು ಇರುತ್ತೆ. ಹೇಳಲ್ಲ."

"ಯಾಕೆ ಹೇಳಲ್ಲ?"

"ಅಭ್ಯಾಸ ತಪ್ಪೋಗಿದೆ."

ಪೆನ್ನು ಕೊಟ್ಟಳು. ಕಾರ್ಡನ್ನು ಮೇಜಿನ ಮೇಲಿಟ್ಟು, ಆ ಪದದ ಕೆಳಗೆ, ಗೊತ್ತಿದ್ದು ಸಹಿ ಹಾಕಿದೆ. ಆಮೇಲೆ ನನ್ನ ಮುಖ ಅವಳಿಗೆ ಕಾಣಬಾರದು ಅಂತ ಕಿಟಕಿ ಕಡೆ ತಿರುಗಿ, ತಾರಸಿ ಮೇಲೆ ಒಣಹಾಕಿದ ಬಟ್ಟೆ ತೆಗೆಯಬೇಕು, ಮೋಡ ಆಗಿದೆ ಅಂತ ಏನೋ ಅಂದೆ. ಹಿಂದಾಗಿದ್ದರೆ ಬಂದು ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಳ್ಳುತ್ತಿದ್ದಳು. ನಾನು ಕಾದೆ. ಅವಳಿಗೆ ಈಗ ಕೇಳಿಸುತ್ತದೆ. "ತೆಗೀತೀನಿ ಅಪ್ಪ" ಅಂತ ಹಿಂದಿನಿಂದಲೇ ಹೇಳಿ ಮೆಟ್ಟಿಲು ಹತ್ತಿ ಹೋದಳು.